ಕರೆಂಟು ಹರಿಸುವ ಪ್ಲಾಸ್ಟಿಕ್

(ಕನ್ನಡ ಕಾರ್ಯಕ್ರಮದ ವಿಜ್ಞಾನ ಮಾಲಿಕೆಯಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)



ನಮ್ಮ ಮನೆಗಳಲ್ಲಿ ಬಹಳ ಕಾಲ ‘ಟ್ರಾನ್ಸಿಸ್ಟರ್’ ಎಂದರೆ ರೇಡಿಯೋ ಎಂದೇ ಅರ್ಥವಿತ್ತು. ಹೊಲಕ್ಕೆ ಹೋಗುವಾಗ ಹೆಗಲಿಗೆ ನೇತುಹಾಕಿಕೊಳ್ಳುತ್ತಿದ್ದ, ಕ್ರಿಕೆಟ್ ಕಾಮೆಂಟರಿಗಾಗಿ ಕಿವಿಗೆ ಒತ್ತಿ ಹಿಡಿಯುತ್ತಿದ್ದ ಆ ಪೆಟ್ಟಿಗೆಗೆ ಆ ಹೆಸರು ಬಂದದ್ದು ಅದರೊಳಗಿನ ಒಂದು ಪುಟ್ಟ ಬಿಡಿಭಾಗದಿಂದ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿತು. ಅದೇ ಪ್ರಯೋಗಾಲಯದವರು 1954ರಲ್ಲಿ ಸಿಲಿಕಾನಿನ ಸೌರಕೋಶವನ್ನೂ ತೋರಿಸಿದರು. ಇಂದು ನಮ್ಮ ಕೈಯ ಮೊಬೈಲ್, ಮನೆಯ ಟಿವಿ, ಬ್ಯಾಂಕಿನ ಕಂಪ್ಯೂಟರ್, ಮಾಳಿಗೆಯ ಮೇಲಿನ ಸೌರಫಲಕ ಎಲ್ಲದರ ಹೊಟ್ಟೆಯಲ್ಲೂ ಇರುವುದು ಬಹುಮಟ್ಟಿಗೆ ಸಿಲಿಕಾನ್.

ಈ ಸಿಲಿಕಾನಿಗೆ ಒಬ್ಬ ಪ್ರತಿಸ್ಪರ್ಧಿ ಇದ್ದಾನೆ. ಅವನು ಇಂಗಾಲ. ಪ್ಲಾಸ್ಟಿಕ್, ಬಣ್ಣ, ಶಾಯಿ ಇವುಗಳ ಜಾತಿಗೆ ಸೇರಿದ ಇಂಗಾಲದ ವಸ್ತುಗಳಿಂದಲೇ ಟ್ರಾನ್ಸಿಸ್ಟರ್ ಮತ್ತು ಸೌರಕೋಶ ಮಾಡುವ ಪ್ರಯತ್ನ ನಾಲ್ಕು ದಶಕಗಳಿಂದ ನಡೆದಿದೆ. ಇವುಗಳಿಗೆ ‘ಸಾವಯವ ಅರೆವಾಹಕಗಳು’ ಎಂದು ಹೆಸರು. ಸಾವಯವ ಎಂದ ಕೂಡಲೇ ಗೊಬ್ಬರ, ಬೆಲ್ಲ, ಸಿರಿಧಾನ್ಯ ನೆನಪಿಗೆ ಬಂದರೆ ಅದು ನಿಮ್ಮ ತಪ್ಪಲ್ಲ. ರಸಾಯನಶಾಸ್ತ್ರದಲ್ಲಿ ಸಾವಯವ ಎಂದರೆ ಇಂಗಾಲದ ಸಂಯುಕ್ತಗಳಿಂದಾದದ್ದು ಎಂದಷ್ಟೇ ಅರ್ಥ. ಈ ವಸ್ತುಗಳು ಏನು, ಇವುಗಳಿಂದ ಏನಾಯಿತು, ಏನಾಗಲಿಲ್ಲ, ನಡುವೆ ಒಮ್ಮೆ ಇಡೀ ಕ್ಷೇತ್ರವೇ ತಲೆ ತಗ್ಗಿಸುವಂತಾದದ್ದು ಹೇಗೆ ಎಂಬುದನ್ನು ಇಂದು ನೋಡೋಣ.

ಮನೆಯ ವೈರಿಂಗ್ ಮಾಡುವವರು ತಾಮ್ರದ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಬಳಸುತ್ತಾರೆ. ಪ್ಲಾಸ್ಟಿಕ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ ಎಂಬ ನಂಬಿಕೆಯ ಮೇಲೆ ನಾವೆಲ್ಲ ಸ್ವಿಚ್ಚು ಮುಟ್ಟುತ್ತೇವೆ. ಹೀಗಿರುವಾಗ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುತ್ತದೆ ಎಂದು ಗೊತ್ತಾದದ್ದು ಹೇಗೆ?

ಈ ಕಥೆ ಜಪಾನಿನಲ್ಲಿ ಆರಂಭವಾಗುತ್ತದೆ. 1967ರಲ್ಲಿ ಟೋಕಿಯೋದ ಒಂದು ತಾಂತ್ರಿಕ ಸಂಸ್ಥೆಯಲ್ಲಿ ಹಿದೆಕಿ ಶಿರಾಕಾವಾ ಎಂಬ ರಸಾಯನಶಾಸ್ತ್ರಜ್ಞರು ಪಾಲಿಅಸಿಟಿಲೀನ್ ಎಂಬ ವಸ್ತುವನ್ನು ತಯಾರಿಸುತ್ತಿದ್ದರು. ಸಾಮಾನ್ಯವಾಗಿ ಅದು ಕಪ್ಪು ಪುಡಿಯಾಗಿ ಸಿಗುತ್ತಿತ್ತು. ಅವರಲ್ಲಿಗೆ ಬಂದಿದ್ದ ಅತಿಥಿ ಸಂಶೋಧಕರೊಬ್ಬರು ವೇಗವರ್ಧಕವನ್ನು ಬೇಕಾದುದಕ್ಕಿಂತ ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ಟರು. ಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ತೆಳುಹಾಳೆ ಸಿಕ್ಕಿತು. ಅದನ್ನು ಚರಂಡಿಗೆ ಚೆಲ್ಲದೆ, ಯಾಕೆ ಹೀಗಾಯಿತು ಎಂದು ಶಿರಾಕಾವಾ ವರ್ಷಗಟ್ಟಲೆ ಅಭ್ಯಾಸ ಮಾಡಿದರು.

1975ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ಡಿಯಾರ್ಮಿಡ್ ಟೋಕಿಯೋಗೆ ಬಂದರು. ಅವರ ಬಳಿ ಚಿನ್ನದ ಬಣ್ಣದ ಬೇರೊಂದು ಬಹ್ವಣು ವಸ್ತುವಿತ್ತು. ಉಪನ್ಯಾಸದ ಬಿಡುವಿನಲ್ಲಿ ಇಬ್ಬರೂ ಮಾತಾಡಿದರು, ಚಿನ್ನದವರು ಬೆಳ್ಳಿಯವರನ್ನು ಅಮೆರಿಕಕ್ಕೆ ಕರೆದರು. ಅಲ್ಲಿ ಭೌತಶಾಸ್ತ್ರಜ್ಞ ಅಲನ್ ಹೀಗರ್ ಅವರೂ ಜೊತೆಗೂಡಿದರು. 1976ರ ನವೆಂಬರಿನಲ್ಲಿ ಆ ಬೆಳ್ಳಿ ಹಾಳೆಗೆ ಬ್ರೋಮಿನ್ ಆವಿ ತಗುಲಿಸಿದಾಗ ಅದರ ವಾಹಕತೆ ನೋಡನೋಡುತ್ತಿದ್ದಂತೆ ಒಂದು ಕೋಟಿ ಪಟ್ಟು ಏರಿತು. 1977ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಮೂವರಿಗೆ 2000ನೇ ಇಸವಿಯ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಒಳಗೆ ನಡೆದದ್ದೇನು? ಇಂಗಾಲದ ಪರಮಾಣುಗಳು ಸರಪಳಿಯಂತೆ ಒಂದಕ್ಕೊಂದು ಕೈಹಿಡಿದು ನಿಲ್ಲುತ್ತವೆ. ನಮ್ಮ ಪಾಲಿಥೀನ್ ಚೀಲದಲ್ಲಿ ಈ ಹಿಡಿತ ಒಂಟಿಬಂಧ. ಎಲೆಕ್ಟ್ರಾನುಗಳೆಲ್ಲ ಆ ಹಿಡಿತದಲ್ಲೇ ಸಿಕ್ಕಿಬಿದ್ದಿರುತ್ತವೆ, ಅಲುಗಾಡುವುದಿಲ್ಲ. ಪಾಲಿಅಸಿಟಿಲೀನಿನಲ್ಲಿ ಹಾಗಲ್ಲ. ಒಂದು ಒಂಟಿಬಂಧ, ಒಂದು ಜೋಡಿಬಂಧ, ಮತ್ತೆ ಒಂಟಿ, ಮತ್ತೆ ಜೋಡಿ, ಹೀಗೆ ಸಾಲು. ಜೋಡಿಬಂಧದ ಎರಡನೆಯ ಜೊತೆ ಎಲೆಕ್ಟ್ರಾನುಗಳು ಸ್ವಲ್ಪ ಸಡಿಲ. ಅವು ಒಂದೇ ಕಡೆ ಕೂರದೆ ಸರಪಳಿಯುದ್ದಕ್ಕೂ ಹರಡಿಕೊಳ್ಳುತ್ತವೆ.

ಆದರೆ ಅಷ್ಟರಿಂದಲೇ ಕರೆಂಟು ಹರಿಯದು. ಮುಂಬಯಿಯ ಲೋಕಲ್ ಗಾಡಿಯನ್ನು ನೆನೆಸಿಕೊಳ್ಳಿ. ಬೆಳಗಿನ ಹೊತ್ತು ಡಬ್ಬಿ ಕಿಕ್ಕಿರಿದಿದೆ. ಎಲ್ಲರಿಗೂ ಮುಂದೆ ಹೋಗುವ ಆಸೆ, ಯಾರಿಗೂ ಕಾಲು ಎತ್ತಿಡಲು ಜಾಗವಿಲ್ಲ. ನಾಲ್ಕು ಜನ ಇಳಿದರೆ ಆ ಖಾಲಿ ಜಾಗಕ್ಕೆ ಪಕ್ಕದವರು ಸರಿಯುತ್ತಾರೆ, ಅವರ ಜಾಗಕ್ಕೆ ಹಿಂದಿನವರು ಬರುತ್ತಾರೆ, ಇಡೀ ಡಬ್ಬಿಯಲ್ಲಿ ಚಲನೆ ಉಂಟಾಗುತ್ತದೆ. ಬ್ರೋಮಿನ್, ಅಯೋಡಿನ್ ಮಾಡುವುದು ಇದನ್ನೇ. ಅವು ಸರಪಳಿಯಿಂದ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತವೆ. ಉಳಿದವುಗಳಿಗೆ ಓಡಾಡಲು ಜಾಗವಾಗುತ್ತದೆ.

ಸಿಲಿಕಾನ್ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಇದೆಲ್ಲ ಯಾಕೆ ಬೇಕು ಎಂದು ನೀವು ಕೇಳಬಹುದು. ಸಿಲಿಕಾನ್ ಕರಗಬೇಕಾದರೆ 1,414 ಡಿಗ್ರಿ ಶಾಖ ಬೇಕು. ಅದನ್ನು ಶುದ್ಧಿಮಾಡಿ, ಸ್ಫಟಿಕವಾಗಿ ಬೆಳೆಸಿ, ಬಿಲ್ಲೆಗಳಾಗಿ ಕೊಯ್ಯಲು ದೊಡ್ಡ ಕಾರ್ಖಾನೆ ಬೇಕು. ಆ ಬಿಲ್ಲೆ ಬಗ್ಗುವುದಿಲ್ಲ, ಬಗ್ಗಿಸಿದರೆ ಒಡೆಯುತ್ತದೆ. ಸಾವಯವ ಅರೆವಾಹಕಗಳಲ್ಲಿ ಅನೇಕವು ದ್ರಾವಕದಲ್ಲಿ ಕರಗಿ ಶಾಯಿಯಂತಾಗುತ್ತವೆ. ಪತ್ರಿಕೆ ಅಚ್ಚುಹಾಕಿದಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಉರುಳುರುಳಾಗಿ ಮುದ್ರಿಸಬಹುದು. ಸೌರಫಲಕದ ಸಿಲಿಕಾನ್ ಬಿಲ್ಲೆ ಸುಮಾರು ಒಂದು ಮಿಲಿಮೀಟರಿನ ಆರನೇ ಒಂದು ಭಾಗದಷ್ಟು ದಪ್ಪವಿರುತ್ತದೆ. ಸಾವಯವ ಪದರ ಅದಕ್ಕಿಂತ ಸಾವಿರ ಪಟ್ಟು ತೆಳುವಾಗಿದ್ದರೂ ಬೆಳಕನ್ನು ಹೀರಿಕೊಳ್ಳುತ್ತದೆ. ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುವ ಸೌರಫಲಕ, ಹಾಲಿನ ಪ್ಯಾಕೆಟ್ಟಿನ ಮೇಲೆ ಅಚ್ಚಾದ ಸರ್ಕ್ಯೂಟು, ಇಂಥ ಕನಸುಗಳು ಹುಟ್ಟಿದ್ದು ಹೀಗೆ.

ಟ್ರಾನ್ಸಿಸ್ಟರ್ ಎಂದರೆ ನಲ್ಲಿ ಇದ್ದಂತೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರೆಂಟು ಹರಿಯುತ್ತದೆ, ನಡುವಿನ ‘ಗೇಟ್’ ಅದನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. 1986ರಲ್ಲಿ ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ಸಂಸ್ಥೆಯ ಸಂಶೋಧಕರು ಪಾಲಿಥಯೋಫೀನ್ ಎಂಬ ಪ್ಲಾಸ್ಟಿಕ್ಕಿನಿಂದ ಇಂಥ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. ನಲ್ಲಿ ತೆರೆಯಿತು, ಮುಚ್ಚಿತು. ಆದರೆ ನೀರು ಬಂದದ್ದು ತೊಟ್ಟಿಕ್ಕಿದಂತೆ.

ವಸ್ತುವಿನೊಳಗೆ ವಿದ್ಯುತ್ಕಣ ಎಷ್ಟು ಸಲೀಸಾಗಿ ಸಾಗುತ್ತದೆ ಎಂಬುದಕ್ಕೆ ‘ಚಲನಶೀಲತೆ’ ಎಂಬ ಅಳತೆ ಇದೆ. ಒಳ್ಳೆಯ ಸಿಲಿಕಾನ್ ಸ್ಫಟಿಕದಲ್ಲಿ ಎಲೆಕ್ಟ್ರಾನಿನ ಚಲನಶೀಲತೆ ಸುಮಾರು 1,400. ಆ ಮೊದಲ ಪ್ಲಾಸ್ಟಿಕ್ ಟ್ರಾನ್ಸಿಸ್ಟರಿನಲ್ಲಿ ಒಂದರ ಲಕ್ಷದಲ್ಲೊಂದು ಭಾಗ! ಕಾರಣ ಇಷ್ಟೇ. ಸಿಲಿಕಾನಿನಲ್ಲಿ ಪರಮಾಣುಗಳು ಗಾರೆ ಹಾಕಿ ಕಟ್ಟಿದ ಇಟ್ಟಿಗೆಯ ಗೋಡೆಯಂತೆ ಭದ್ರ. ಸಾವಯವ ವಸ್ತುವಿನಲ್ಲಿ ಅಣುಗಳು ಗೋದಾಮಿನಲ್ಲಿ ಒಟ್ಟಿದ ಮೂಟೆಗಳಂತೆ ಒಂದರ ಮೇಲೊಂದು ಒರಗಿರುತ್ತವೆ. ಒಂದು ಅಣುವಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ಹಾರಿಹಾರಿ ಹೋಗಬೇಕು.

ಮೂಟೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿದರೆ ದಾರಿ ಸುಗಮವಾಗುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡರು. ಬೆಂಜೀನಿನ ಐದು ಉಂಗುರಗಳು ಸಾಲಾಗಿ ಜೋಡಣೆಗೊಂಡ ಪೆಂಟಾಸೀನ್ ಎಂಬ ಅಣು ಇದರಲ್ಲಿ ಹೆಸರು ಮಾಡಿತು. 1990ರ ದಶಕದ ಕೊನೆಯ ಹೊತ್ತಿಗೆ ಇದರ ತೆಳುಪದರದ ಚಲನಶೀಲತೆ 1ರ ಹತ್ತಿರ ಬಂತು. ಎಲ್‌ಸಿಡಿ ಪರದೆಗಳಲ್ಲಿ ಬಳಸುವ ಸ್ಫಟಿಕವಲ್ಲದ ಸಿಲಿಕಾನಿನ ಮಟ್ಟ ಅದು. ಲಕ್ಷ ಪಟ್ಟು ಸುಧಾರಣೆಯಾಗಿತ್ತು. ಇಡೀ ಕ್ಷೇತ್ರ ಉತ್ಸಾಹದಿಂದ ಕುದಿಯುತ್ತಿತ್ತು.

ಶ್ರೋತೃಗಳೇ, ಸರಿಯಾಗಿ ಅದೇ ಹೊತ್ತಿಗೆ ಒಂದು ಕಹಿ ಪ್ರಸಂಗ ನಡೆಯಿತು, ಅದೂ ಟ್ರಾನ್ಸಿಸ್ಟರ್ ಹುಟ್ಟಿದ ಬೆಲ್ ಪ್ರಯೋಗಾಲಯದಲ್ಲೇ. ಯಾನ್ ಹೆಂಡ್ರಿಕ್ ಷೋನ್ ಎಂಬ ಜರ್ಮನ್ ತರುಣ ಭೌತವಿಜ್ಞಾನಿ ಅಲ್ಲಿದ್ದರು. ಸಾವಯವ ಸ್ಫಟಿಕದಲ್ಲಿ ಅತಿವಾಹಕತೆ ಕಂಡೆ ಎಂದರು, ಸಾವಯವ ಸ್ಫಟಿಕಕ್ಕೆ ಕರೆಂಟು ಕೊಟ್ಟು ಲೇಸರ್ ಮಾಡಿದೆ ಎಂದರು, ಅಣುಗಳ ಒಂದೇ ಪದರದಿಂದ ಟ್ರಾನ್ಸಿಸ್ಟರ್ ಮಾಡಿದೆ ಎಂದರು. 2001ರಲ್ಲಿ ಅವರ ಹೆಸರಿದ್ದ ಪ್ರಬಂಧಗಳು ಸರಾಸರಿ ಎಂಟು ದಿನಕ್ಕೊಂದರಂತೆ ಬರುತ್ತಿದ್ದವು. ‘ನೇಚರ್’, ‘ಸೈನ್ಸ್’ ಎಂಬ ಜಗತ್ತಿನ ಅಗ್ರ ಪತ್ರಿಕೆಗಳೇ ಅವನ್ನು ಅಚ್ಚುಮಾಡಿದವು. ಪ್ರಶಸ್ತಿಗಳು ಸಾಲುಗಟ್ಟಿದವು.

ಇತ್ತ ಅನೇಕ ದೇಶಗಳ ಪ್ರಯೋಗಾಲಯಗಳಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡುತ್ತಿದ್ದರು. ಯಾರಿಗೂ ಆಗಲಿಲ್ಲ. ದೊಡ್ಡ ಜಾಗದ ದೊಡ್ಡ ವಿಜ್ಞಾನಿಗೆ ಆದದ್ದು ತಮಗೆ ಆಗದಿದ್ದರೆ ಹುಡುಗರು ಯಾರನ್ನು ಸಂಶಯಪಡುತ್ತಾರೆ? ತಮ್ಮನ್ನೇ. ತಮ್ಮ ಕೈ ಸರಿಯಿಲ್ಲ, ತಮ್ಮ ಸ್ಫಟಿಕ ಶುದ್ಧವಿಲ್ಲ ಎಂದುಕೊಂಡು ತಿಂಗಳು, ವರ್ಷ ಕಳೆದರು.

ಗುಟ್ಟು ರಟ್ಟಾದದ್ದು ಒಂದು ಚಿಕ್ಕ ಸುಳಿವಿನಿಂದ. ಯಾವ ಅಳತೆಯಲ್ಲೂ ಸಣ್ಣ ಏರುಪೇರು ಇದ್ದೇ ಇರುತ್ತದೆ. ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ಬರುವ ಗರಗರ ಸದ್ದಿನಂತೆ ಅದು, ಒಮ್ಮೆ ಬಂದದ್ದು ಇನ್ನೊಮ್ಮೆ ಅದೇ ರೀತಿ ಬರುವುದಿಲ್ಲ. 2002ರಲ್ಲಿ ಪ್ರಿನ್ಸ್‌ಟನ್ನಿನ ಲಿಡಿಯಾ ಸೋನ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದ ಪಾಲ್ ಮೆಕ್ಯುಯೆನ್ ಅವರು ಷೋನ್‌ರ ಬೇರೆಬೇರೆ ಪ್ರಬಂಧಗಳಲ್ಲಿ, ಬೇರೆಬೇರೆ ವಸ್ತುಗಳ ನಕ್ಷೆಗಳಲ್ಲಿ ಅದೇ ಗರಗರ, ಗೆರೆಗೆ ಗೆರೆ ಹೊಂದುವಂತೆ ಇರುವುದನ್ನು ಗುರುತಿಸಿದರು. ಬೆಲ್ ಪ್ರಯೋಗಾಲಯ ಸ್ಟಾನ್‌ಫರ್ಡಿನ ಮಾಲ್ಕಮ್ ಬೀಸ್ಲಿ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಮೂಲ ಅಂಕಿಅಂಶ ಕೇಳಿದರೆ ಕಂಪ್ಯೂಟರಿನಿಂದ ಅಳಿಸಿಹೋಗಿದೆ ಎಂಬ ಉತ್ತರ. ಪ್ರಯೋಗದ ದಿನಚರಿ ಪುಸ್ತಕ ಸರಿಯಾಗಿ ಇಟ್ಟಿರಲಿಲ್ಲ. ಮಾದರಿಗಳು ಹಾಳಾಗಿದ್ದವು ಅಥವಾ ಎಸೆಯಲ್ಪಟ್ಟಿದ್ದವು. ಸಮಿತಿ ಪರಿಶೀಲಿಸಿದ 24 ಆರೋಪಗಳಲ್ಲಿ 16 ಸಾಬೀತಾದವು. ಜೊತೆ ಲೇಖಕರ ಮೇಲೆ ವಂಚನೆಯ ದೋಷ ಬರಲಿಲ್ಲ. 2002ರ ಸೆಪ್ಟೆಂಬರಿನಲ್ಲಿ ಷೋನ್ ಕೆಲಸ ಕಳೆದುಕೊಂಡರು. ‘ಸೈನ್ಸ್’ ಪತ್ರಿಕೆ ಎಂಟು ಪ್ರಬಂಧಗಳನ್ನು, ‘ನೇಚರ್’ ಏಳನ್ನು ಹಿಂತೆಗೆದುಕೊಂಡವು.

ಇಲ್ಲಿ ನಷ್ಟವಾದದ್ದು ಕೇವಲ ಒಬ್ಬ ಮನುಷ್ಯನ ಮಾನವಲ್ಲ. ಪಿಎಚ್‌ಡಿಗೆ ಸಿಗುವುದು ನಾಲ್ಕೈದು ವರ್ಷ. ಅದರಲ್ಲಿ ಎರಡು ವರ್ಷ ಇಲ್ಲದ ಹಾವನ್ನು ಹುಡುಕುತ್ತಾ ಹೋದರೆ ಆ ಹುಡುಗನಿಗೆ, ಹುಡುಗಿಗೆ ಅದನ್ನು ಮರಳಿ ಕೊಡುವವರು ಯಾರು? ಹಣ ಕೊಟ್ಟ ಸರಕಾರಗಳೂ ಪ್ರಾಮಾಣಿಕರನ್ನೂ ಸಂಶಯದಿಂದ ನೋಡುವಂತಾಯಿತು.

ಆದರೂ ಕ್ಷೇತ್ರ ಸಾಯಲಿಲ್ಲ ಎಂಬುದನ್ನು ಗಮನಿಸಬೇಕು. 2004ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ಇಲಿನಾಯ್ ವಿಶ್ವವಿದ್ಯಾಲಯಗಳ ತಂಡಗಳು ರೂಬ್ರೀನ್ ಎಂಬ ಸಾವಯವ ಸ್ಫಟಿಕದಲ್ಲಿ 10ಕ್ಕೂ ಮೀರಿದ ಚಲನಶೀಲತೆಯನ್ನು ಅಳೆದವು. ಇದನ್ನು ಬೇರೆಯವರೂ ಮಾಡಿ ನೋಡಿದರು, ಅವರಿಗೂ ಬಂತು. ಷೋನ್ ಹೇಳಿದಷ್ಟು ಅದ್ಭುತವೇನಲ್ಲ, ಆದರೆ ನಿಜ.

ಇನ್ನು ಸೌರಕೋಶಕ್ಕೆ ಬರೋಣ. 1986ರಲ್ಲಿ, ಕ್ಯಾಮರಾ ಫಿಲ್ಮಿಗೆ ಹೆಸರಾದ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಬಣ್ಣದ ವಸ್ತುಗಳನ್ನು ಪದರದ ಮೇಲೆ ಪದರ ಇಟ್ಟು ಸೌರಕೋಶ ಮಾಡಿದರು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ವಿದ್ಯುತ್ತಾಯಿತು. ಇಷ್ಟೇ ಏಕೆ? ಸಿಲಿಕಾನಿನ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಬಂದ ಖಾಲಿ ಜಾಗ ಸುಲಭವಾಗಿ ಬೇರೆಯಾಗುತ್ತವೆ. ಸಾವಯವ ವಸ್ತುವಿನಲ್ಲಿ ಅವೆರಡೂ ಕೈಬಿಡದ ಜೋಡಿಯಾಗಿ ಅಲೆಯುತ್ತವೆ. ಎರಡು ವಸ್ತುಗಳು ಸೇರುವ ಗಡಿಯನ್ನು ಮುಟ್ಟಿದರೆ ಮಾತ್ರ ಬಿಡಿಸಿಕೊಳ್ಳುತ್ತವೆ. ಈ ಜೋಡಿಯ ಆಯುಷ್ಯ ಬಹಳ ಕಡಿಮೆ, ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು ದೂರ ನಡೆಯುವುದರೊಳಗೆ ಕಣ್ಣುಮುಚ್ಚುತ್ತದೆ. ಆದರೆ ಬೆಳಕನ್ನು ಪೂರ್ತಿ ಹೀರಲು ಪದರ ಅದರ ಹತ್ತು ಪಟ್ಟು ದಪ್ಪವಿರಬೇಕು.

1995ರಲ್ಲಿ ಹೀಗರ್ ಮತ್ತು ಅವರ ಸಂಗಡಿಗರು ಇದಕ್ಕೆ ಒಂದು ಉಪಾಯ ತೋರಿಸಿದರು. ಅನ್ನದ ಮೇಲೆ ಮೊಸರು ಸುರಿದರೆ ಅವು ಒಂದಕ್ಕೊಂದು ತಾಗುವುದು ಮೇಲ್ಭಾಗದಲ್ಲಿ ಮಾತ್ರ. ಕಲಸಿದರೆ ಪ್ರತಿ ಅಗುಳಿಗೂ ಮೊಸರು ತಾಗುತ್ತದೆ. ಅವರು ಮಾಡಿದ್ದೂ ಅದೇ. ಎಲೆಕ್ಟ್ರಾನ್ ಕೊಡುವ ಪ್ಲಾಸ್ಟಿಕ್ಕನ್ನೂ, ಎಲೆಕ್ಟ್ರಾನ್ ತೆಗೆದುಕೊಳ್ಳುವ ಫುಲರೀನ್ ಎಂಬ ಚೆಂಡಿನಾಕಾರದ ಇಂಗಾಲದ ಅಣುವನ್ನೂ ಒಂದೇ ದ್ರಾವಣದಲ್ಲಿ ಕಲಸಿ ಬಳಿದರು. ಎಲ್ಲಿ ಜೋಡಿ ಹುಟ್ಟಿದರೂ ಗಡಿ ಪಕ್ಕದಲ್ಲೇ. ಅಲ್ಲಿಂದ ದಕ್ಷತೆ ಮೆಲ್ಲಮೆಲ್ಲನೆ ಏರಿ 2010ರ ದಶಕದ ಆರಂಭದಲ್ಲಿ ಶೇಕಡಾ 10ರ ಆಸುಪಾಸಿಗೆ ಬಂತು. ಆಮೇಲೆ ಚೀನಾದ ರಸಾಯನಶಾಸ್ತ್ರಜ್ಞರು ಫುಲರೀನಿಗೆ ಬದಲಾಗಿ ಹೊಸ ಅಣುಗಳನ್ನು ಕಟ್ಟಿದರು. 2019ರಲ್ಲಿ ‘ವೈ6’ ಎಂಬ ಅಣು ಶೇಕಡಾ 15ನ್ನು ದಾಟಿಸಿತು. ಈಗ ಪ್ರಯೋಗಾಲಯದ ಚಿಕ್ಕ ಕೋಶಗಳಲ್ಲಿ ಶೇಕಡಾ 19, 20ರ ಮಟ್ಟ ಕಾಣುತ್ತಿದೆ.

ಹಾಗಾದರೆ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? ಹೀಗರ್ ಅವರೂ ಸೇರಿ 2001ರಲ್ಲಿ ಸ್ಥಾಪಿಸಿದ ಕೊನಾರ್ಕಾ ಎಂಬ ಕಂಪನಿ, ಫೋಟೋ ಫಿಲ್ಮ್ ಮಾಡುತ್ತಿದ್ದ ಹಳೆಯ ಪೊಲರಾಯ್ಡ್ ಕಾರ್ಖಾನೆಯನ್ನೇ ಹಿಡಿದು ಪ್ಲಾಸ್ಟಿಕ್ ಸೌರಹಾಳೆ ಅಚ್ಚುಹಾಕಲು ಹೊರಟಿತು. 2012ರಲ್ಲಿ ದಿವಾಳಿಯಾಯಿತು. ಅಷ್ಟರಲ್ಲಿ ಸಿಲಿಕಾನ್ ಫಲಕದ ಬೆಲೆ ಪಾತಾಳಕ್ಕಿಳಿದಿತ್ತು. ಇನ್ನೊಂದು ತೊಡಕು ಬಾಳಿಕೆ. ಗಾಳಿಯ ಆಮ್ಲಜನಕ, ತೇವ, ಬಿಸಿಲಿನ ಅತಿನೇರಳೆ ಕಿರಣ, ಈ ಮೂರೂ ಇಂಗಾಲದ ಜೋಡಿಬಂಧಗಳಿಗೆ ಶತ್ರುಗಳು. ಬಿಸಿಲಿಗೆ ಬಟ್ಟೆಯ ಬಣ್ಣ ಮಾಸುವುದನ್ನು ನಾವೆಲ್ಲ ಬಲ್ಲೆವು, ಇದೂ ಅದೇ ಜಾತಿಯ ಕೆಲಸ. ಸೌರಕೋಶದ ಕಸುಬೇ ಬಿಸಿಲಲ್ಲಿ ನಿಲ್ಲುವುದು! ಸಿಲಿಕಾನ್ ಫಲಕಕ್ಕೆ ಇಪ್ಪತ್ತೈದು ವರ್ಷದ ಖಾತರಿ ಕೊಡುತ್ತಾರೆ. ಅದರ ಎದುರು ನಿಲ್ಲಬೇಕಾದರೆ ಇವು ಇನ್ನೂ ಸಾಕಷ್ಟು ಗಟ್ಟಿಯಾಗಬೇಕು.

ಈ ವಂಶದಲ್ಲಿ ಗೆದ್ದದ್ದು ಇನ್ನೊಬ್ಬ ಮಗ. ಅದೇ ಚಿಂಗ್ ಟ್ಯಾಂಗ್ 1987ರಲ್ಲಿ ಸ್ಟೀವನ್ ವ್ಯಾನ್ ಸ್ಲೈಕ್ ಜೊತೆ ಸೇರಿ, ಕರೆಂಟು ಕೊಟ್ಟರೆ ಬೆಳಕು ಚೆಲ್ಲುವ ಸಾವಯವ ಪದರವನ್ನು ಪ್ರಕಟಿಸಿದರು. ಅದೇ ಇಂದು ಕೋಟ್ಯಂತರ ಮೊಬೈಲುಗಳಲ್ಲಿರುವ ಓಎಲ್‌ಇಡಿ ಪರದೆ. ಅದಕ್ಕೆ ದಾರಿ ಸುಲಭವಾಯಿತು. ಪರದೆಯನ್ನು ಗಾಜಿನ ನಡುವೆ ಗಾಳಿಯಾಡದಂತೆ ಮುಚ್ಚಬಹುದು, ಅದು ಮಾಳಿಗೆಯ ಮೇಲೆ ಒಣಗುತ್ತಾ ನಿಲ್ಲಬೇಕಾಗಿಲ್ಲ, ಮೊಬೈಲನ್ನು ಇಪ್ಪತ್ತೈದು ವರ್ಷ ಯಾರೂ ಇಟ್ಟುಕೊಳ್ಳುವುದಿಲ್ಲ. ಒಂದು ಮಾತು ನೆನಪಿರಲಿ. ಆ ಪರದೆಯಲ್ಲಿ ಬೆಳಕು ಕೊಡುವುದು ಇಂಗಾಲದ ವಸ್ತು, ಆದರೆ ಪ್ರತಿ ಚುಕ್ಕೆಯನ್ನು ಹೊತ್ತಿಸಿ ಆರಿಸುವ ಟ್ರಾನ್ಸಿಸ್ಟರ್ ಈಗಲೂ ಸಿಲಿಕಾನಿನದು ಅಥವಾ ಲೋಹದ ಆಕ್ಸೈಡಿನದು. ಕನಸು ಕಂಡ ಜಾಗದಲ್ಲಲ್ಲ, ಪಕ್ಕದಲ್ಲಿ ಫಲ ಬಿಟ್ಟಿತು.

ನಮ್ಮ ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಅಣುಗಳ ಸಿದ್ಧಾಂತವನ್ನೂ, ಹೊಸ ಬಹ್ವಣುಗಳ ತಯಾರಿಕೆಯನ್ನೂ ಕೈಗೊಂಡವರಿದ್ದಾರೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಕೆ. ಎಸ್. ನಾರಾಯಣ್ ಅವರ ತಂಡ ಈ ವಸ್ತುಗಳಿಗೆ ಬೇರೊಂದು ಕೆಲಸ ಹುಡುಕಿತು. ಬೆಳಕು ಬಿದ್ದರೆ ವಿದ್ಯುತ್ ಸಂಕೇತ ಕೊಡುವ ಪ್ಲಾಸ್ಟಿಕ್ ಪದರದ ಮೇಲೆ, ಇನ್ನೂ ಬೆಳಕನ್ನು ಗುರುತಿಸಲಾರದ ಕೋಳಿ ಭ್ರೂಣದ ಅಕ್ಷಿಪಟಲವನ್ನಿಟ್ಟು ಬೆಳಕು ಹಾಯಿಸಿದಾಗ ಅದರ ನರಕೋಶಗಳು ಸ್ಪಂದಿಸಿದವು. ಮೆದುವಾದ, ದೇಹದ ತೇವಕ್ಕೆ ಹೊಂದಿಕೊಳ್ಳುವ ಅರೆವಾಹಕಕ್ಕೆ ಹೀಗೂ ಒಂದು ದಾರಿ ಇದೆ. ಇಟಲಿಯ ವಿಜ್ಞಾನಿಗಳು ಇದೇ ಬಗೆಯ ಪದರವನ್ನು ಕುರುಡು ಇಲಿಗಳ ಕಣ್ಣಿನಲ್ಲಿಟ್ಟು ಪರೀಕ್ಷಿಸಿದ್ದಾರೆ. ಕಟ್ಟಡದ ಗಾಜಿಗೆ ಅಂಟಿಸುವ ಹಾಳೆ, ಟ್ಯೂಬ್‌ಲೈಟಿನ ಮಂದ ಬೆಳಕಿನಲ್ಲೇ ಓಡುವ ಸಣ್ಣ ಉಪಕರಣ, ಮೈಮೇಲೆ ಅಂಟಿಸುವ ಸಂವೇದಕ ಇಂಥ ಕಡೆಗಳಲ್ಲಿ ಸಿಲಿಕಾನಿಗಿಂತ ಇದು ಹೊಂದುತ್ತದೆ.

ನಗರದ ಫ್ಲಾಟುಗಳಲ್ಲಿ ಇರುವ ನಮ್ಮಲ್ಲಿ ಅನೇಕರಿಗೆ ಒಂದು ಪ್ರಶ್ನೆ ಇರಬಹುದು. ಪ್ಲಾಸ್ಟಿಕ್ ಸೌರಹಾಳೆ ಬರುವವರೆಗೆ ಕಾಯೋಣವೇ? ಸೊಸೈಟಿಯ ಮಾಳಿಗೆಯ ಮೇಲೆ ಸೌರಫಲಕ ಹಾಕಿಸುವ ಮಾತು ನಡೆದಿದ್ದರೆ ಅದಕ್ಕಾಗಿ ಕಾಯುವುದು ಬೇಡ. ಆ ಕೆಲಸಕ್ಕೆ ಸಿಲಿಕಾನ್ ಇದೆ, ಬಾಳಿಕೆಯನ್ನು ತೋರಿಸಿದೆ.

ಆದರೆ ‘ಕ್ರಾಂತಿಕಾರಿ ಸೌರಕೋಶ’ ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅಂಥದ್ದನ್ನು ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೋಶದ ಅಳತೆ ಎಷ್ಟು, ಉಗುರಿನಷ್ಟೋ ಬಾಗಿಲಿನಷ್ಟೋ? ಬಿಸಿಲಲ್ಲಿ ಎಷ್ಟು ಕಾಲ ಬಾಳಿತು? ಅಳೆದವರು ಯಾರು, ಮಾಡಿದವರೇನಾ ಬೇರೆಯವರೇನಾ? ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಇಂದು ಸೌರಕೋಶದ ದಾಖಲೆಯನ್ನು ಒಪ್ಪಬೇಕಾದರೆ ಜರ್ಮನಿಯ ಫ್ರೈಬುರ್ಗಿನಲ್ಲಿ ಇರುವಂಥ ಸ್ವತಂತ್ರ ಪ್ರಯೋಗಾಲಯ ಅಳೆದು ಪ್ರಮಾಣಪತ್ರ ಕೊಡಬೇಕು. ಅಂಗಡಿಯವನ ತಕ್ಕಡಿಯನ್ನು ಅಂಗಡಿಯವನೇ ಪರೀಕ್ಷಿಸಿದರೆ ಸಾಲದು ಎಂಬ ಹಳೆಯ ಸಂತೆಯ ನ್ಯಾಯವೇ ಇದು.

ಒಬ್ಬರ ಕೈತಪ್ಪಿನಿಂದ ಬಂದ ಬೆಳ್ಳಿಯ ಹಾಳೆಯನ್ನು ಒಬ್ಬರು ಪ್ರಾಮಾಣಿಕವಾಗಿ ಅಭ್ಯಾಸ ಮಾಡಿದರು, ಅದರಿಂದ ನೊಬೆಲ್ ಬಂತು. ತಪ್ಪೇ ಇಲ್ಲದಂತೆ ಕಾಣುವ ನಕ್ಷೆಗಳನ್ನು ಇನ್ನೊಬ್ಬರು ಹೆಣೆದರು, ಅದರಿಂದ ಎಷ್ಟೋ ಮಕ್ಕಳ ವರ್ಷಗಳು ಹೋದವು. ನಿಮ್ಮ ಮನೆಯಲ್ಲಿ ವಿಜ್ಞಾನ ಓದುವ ಮಗನೋ ಮಗಳೋ ಇದ್ದರೆ, ಪ್ರಯೋಗ ಪುಸ್ತಕದಲ್ಲಿ ಪುಸ್ತಕದ ಉತ್ತರವನ್ನಲ್ಲ, ತಮಗೆ ಬಂದ ಅಂಕಿಯನ್ನೇ ಬರೆಯಲು ಹೇಳಿ. ಮಾರ್ಕು ಒಂದೆರಡು ಕಡಿಮೆಯಾದರೂ ಚಿಂತೆಯಿಲ್ಲ.